ಹೆಸರು ಹೇಳಲಿಚ್ಛಿಸದ ಮಹಿಳೆ

ಜೂನ್ ೬

ಪ್ರಿಯ ಗೂಬೆ,

ನಿನ್ನ ಕಾಗದ ತಲುಪಿತು. ಫೋನಿನಲ್ಲಿ ನಾನು ನಿನ್ನ ಮಾತು ಮುಗಿಯಲು ಬಿಡುವುದಿಲ್ಲವೆಂದೂ, ಇನ್ನು ಮುಂದೆ ನಮ್ಮ ಸ್ನೇಹ ಕಾಗದದ ಮೇಲೆಯೇ ನಡೆಯಲೆಂದೂ ಬರೆದಿದ್ದೀಯೆ. ಒಪ್ಪಿದ್ದೇನೆ. ನಿನ್ನ ಮಾತು ಎಲ್ಲಿ ಹೋಗಿ ನಿಲ್ಲುತ್ತದೆಂಬುದು ನಿನಗಿಂತ ಮೊದಲೇ ನನಗೆ ತಿಳಿಯುತ್ತದೆ. ಅದು ಅಪರಾಧವಾದರೆ ಆಗಲಿ.

ಶಾಲೆಯ ಕೆಲಸ ನಿನಗೆ ಹಿಡಿಸಿದೆಯೆಂದು ಓದಿ ಸಂತೋಷವಾಯಿತು. ತರಗತಿಯಲ್ಲಿ ಎರಡನೆಯವರಾಗಿ ಬಂದವರಿಗೆ ತೃಪ್ತಿ ಬೇಗ ಬರುತ್ತದೆ. ಮೊದಲನೆಯವರ ಪಾಡು ಬೇರೆ.

ಈಗ ಏನು ಬರೆಯುತ್ತಿದ್ದೇನೆಂದು ನೀನು ಕೇಳಿದ ಪ್ರಶ್ನೆಗೆ ಉತ್ತರ. ವಿಶ್ವವಿದ್ಯಾಲಯದ ಚಿನ್ನದ ಪದಕ ಈ ವಾರ ಹಲ್ಲುಸೆಟ್ಟಿನ ಅಂಟಿನ ಬಗ್ಗೆ ಬರೆಯಿತು. ಕಳೆದ ವಾರ ಲಿಫ್ಟಿನ ಉಕ್ಕಿನ ಹಗ್ಗದ ಬಗ್ಗೆ. ಅದಕ್ಕೂ ಹಿಂದೆ ಆಲೂಗಡ್ಡೆಯ ಶೀತಲಗೃಹ, ಹಳೆಯ ತಕ್ಕಡಿಗಳು, ಹೂಕುಂಡದ ಬಸವನಹುಳು. ಯಾವುದರ ಕೆಳಗೂ ನನ್ನ ಹೆಸರಿಲ್ಲ. ಲೇಖನಗಳನ್ನು ಹಂಚುವ ಕಚೇರಿಯೊಂದಿದೆ. ಅಲ್ಲಿ ಕುಳಿತವನು ಬೆಳಿಗ್ಗೆ ಫೋನು ಮಾಡಿ, “ಮೇಡಂ, ನಿಮಗೆ ಜೇನುಮೇಣ ಬರುತ್ತಾ?” ಎಂದು ಕೇಳುತ್ತಾನೆ, ಈಜು ಬರುತ್ತಾ ಎಂದು ಕೇಳಿದ ಹಾಗೆ.

“ಬರುತ್ತೆ” ಎನ್ನುತ್ತೇನೆ.

“ಹಾಗಾದ್ರೆ ಗುರುವಾರದೊಳಗೆ ಕೊಟ್ಬಿಡಿ. ಸ್ವಲ್ಪ ತಜ್ಞರ ಥರ ಇರಲಿ.”

ತಜ್ಞರ ಥರ ಇರುವುದು ಎಷ್ಟು ಸುಲಭವೆಂದು ತಜ್ಞರಿಗೆ ಗೊತ್ತಾದರೆ ನೇಣು ಹಾಕಿಕೊಂಡಾರು. ಮೂರು ಲೇಖನ ಓದಬೇಕು, ನಾಲ್ಕನೆಯದನ್ನು ಬರೆಯಬೇಕು. ಇಡೀ ವಿದ್ಯೆ ಇಷ್ಟೇ. ಮೂರರಲ್ಲೂ ಇರುವುದು ಸತ್ಯ, ಎರಡರಲ್ಲಿ ಇರುವುದು ಅಭಿಪ್ರಾಯ, ಒಂದರಲ್ಲಿ ಮಾತ್ರ ಇರುವುದು ನನ್ನ ಸ್ವಂತ ಸಂಶೋಧನೆ. ಮೊದಲ ಪ್ಯಾರಾದಲ್ಲಿ ಕಷ್ಟಪಡುತ್ತಿರುವ ಒಬ್ಬ ಮನುಷ್ಯ, ಕೊನೆಯ ಪ್ಯಾರಾದಲ್ಲಿ ಭರವಸೆ, ನಡುವೆ ಎಲ್ಲಿ ಉಸಿರುಗಟ್ಟಿದರೂ “ಬಲ್ಲವರ ಪ್ರಕಾರ”. ಆ ಬಲ್ಲವರು ಯಾರೆಂದು ಇದುವರೆಗೆ ಯಾರೂ ಕೇಳಿಲ್ಲ. ಬಸವನಹುಳುವಿನ ಲೇಖನದಲ್ಲಿ ಸಾಲೊಂದು ಕಡಿಮೆ ಬಿದ್ದು, ಅದು ನೀಲಿ ಬಣ್ಣದ ಕುಂಡವನ್ನು ಹತ್ತುವುದಿಲ್ಲವೆಂದು ಬರೆದಿದ್ದೆ. ಈ ತಿಂಗಳು ಯಾವನೋ ಪುಣ್ಯಾತ್ಮ ಅದನ್ನೇ “ಅನುಭವಿ ತೋಟಗಾರರ ಮಾತು” ಎಂದು ಬರೆದಿದ್ದಾನೆ. ಮುಂದಿನ ಸಲ ನಾನು ಅವನನ್ನು ಆಧಾರವಾಗಿ ಉಲ್ಲೇಖಿಸಬಹುದು.

ನಮ್ಮಲ್ಲೇ ಬರೆಯುವ ಒಬ್ಬ ಪೆದ್ದ ಲಿಫ್ಟ್ ರಿಪೇರಿಯವನನ್ನು ಹುಡುಕಿಕೊಂಡು ಹೋಗಿ, ಅರ್ಧ ದಿನ ಕಾದು, ಮಾತಾಡಿಸಿಕೊಂಡು ಬಂದನಂತೆ. ಕೇಳುವುದು ಗೊತ್ತಿಲ್ಲದವರ ಕೆಲಸ, ಗೂಬೆ.

ಅಂದಹಾಗೆ, ಈ ಹೆಸರು ನಿನಗಿನ್ನೂ ಒಪ್ಪುತ್ತದೆಯೇ? ಕರೆದರೆ ಕಣ್ಣು ಹೊರಳಿಸುವುದನ್ನು ಬಿಟ್ಟು ಇಡೀ ತಲೆಯನ್ನೇ ತಿರುಗಿಸುತ್ತಿದ್ದ ನಿನ್ನ ಗತ್ತನ್ನು ಶಾಲೆಯ ಮಕ್ಕಳು ಕಂಡುಹಿಡಿದಿರಬೇಕು.

ಇಂತು,
ಪದಕ


ಜೂನ್ ೧೯

ಪ್ರಿಯ ಪದಕ,

ನಿನ್ನ ನೀಲಿ ಕುಂಡದ ಪ್ರತಾಪ ಇಲ್ಲಿಗೂ ಬಂದು ಮುಟ್ಟಿದೆ. ನಮ್ಮ ಮುಖ್ಯೋಪಾಧ್ಯಾಯಿನಿ ಎಲ್ಲಿಯೋ ಓದಿ, ಅಂಗಳದ ಕುಂಡಗಳಿಗೆಲ್ಲ ನೀಲಿ ಬಳಿಸಿದ್ದಾರೆ. ಹುಳುಗಳು ಬಣ್ಣ ಒಣಗುವ ತನಕ ಮರ್ಯಾದೆಯಿಂದ ಕಾದು, ಆಮೇಲೆ ಹತ್ತಿದವು. ನಿನ್ನೆ ಒಂದನ್ನು ಕಡ್ಡಿಯಲ್ಲಿ ಎತ್ತಿ ಹಿಡಿದು, “ಇದಕ್ಕೆ ಬಣ್ಣ ಗೊತ್ತಾಗ್ತಿಲ್ಲ ಅನ್ಸುತ್ತೆ ಟೀಚರ್, ಕಣ್ಣು ಸರಿ ಇಲ್ವೇನೋ” ಎಂದರು. ಬರೆದವಳು ನನ್ನ ಸ್ನೇಹಿತೆ ಎಂದು ಹೇಳುವ ಧೈರ್ಯ ಬರಲಿಲ್ಲ.

ನಿನ್ನ ಕಾಗದ ಓದಿ ನಕ್ಕೆ. ನಕ್ಕ ಮೇಲೆ ಒಂದು ನೆನಪು ಬಂತು. ನಾಲ್ಕು ವರ್ಷ ಒಂದೇ ಕೋಣೆಯಲ್ಲಿ ಇದ್ದೆವು. ಅಷ್ಟೂ ದಿನದಲ್ಲಿ ನೀನು ನನ್ನನ್ನು ಕೇಳಿದ ಪ್ರಶ್ನೆ ಎಂದರೆ “ದೀಪ ಆರಿಸ್ಲಾ?” ಅದೊಂದೇ. ಅದಕ್ಕೂ ಉತ್ತರ ಬರುವ ಮೊದಲೇ ಆರಿಸುತ್ತಿದ್ದೆ. ದೂರುತ್ತಿಲ್ಲ. ನನಗೂ ಆಗ ಯಾರೂ ಏನೂ ಕೇಳದಿರುವುದೇ ಹಿತವಾಗಿತ್ತು. ಈಗ ಯೋಚಿಸಿದರೆ ಅಷ್ಟು ಹಿತವಾಗಿತ್ತೋ ಇಲ್ಲವೋ ತಿಳಿಯದು.

ಆ ಲಿಫ್ಟಿನವನನ್ನು ಹುಡುಕಿಕೊಂಡು ಹೋದ ಪೆದ್ದ ನನಗೆ ಇಷ್ಟವಾದ. ಮದುವೆಯಾಗಿಲ್ಲದಿದ್ದರೆ ತಿಳಿಸು. ನೀನೂ ಒಮ್ಮೆ ಯಾರ ಹತ್ತಿರವಾದರೂ “ನನಗೆ ಗೊತ್ತಿಲ್ಲ, ಹೇಳ್ತೀರಾ?” ಎಂದು ನೋಡು. ನಾಲಿಗೆ ಉದುರಿ ಬೀಳುವುದಿಲ್ಲ.

ತಲೆ ಈಗಲೂ ಹಾಗೆಯೇ ತಿರುಗಿಸುತ್ತೇನೆ. ಮಕ್ಕಳು ಇಟ್ಟಿರುವ ಹೆಸರು ಟೇಬಲ್ ಫ್ಯಾನ್.

ನಿನ್ನ,
ಗೂಬೆ


ಜುಲೈ ೧೧

ಪ್ರಿಯ ಗೂಬೆ,

ಆ ಪೆದ್ದನಿಗೆ ಮದುವೆಯಾಗಿದೆ. ಹೆಂಡತಿ ಅವನಿಗಿಂತ ಪೆದ್ದಿಯಿರಬೇಕು, ಸುಖವಾಗಿದ್ದಾರೆ.

ಇದನ್ನು ಮಾತ್ರ ಗಂಭೀರವಾಗಿ ಓದು. ಒಂದು ಆರೋಗ್ಯ ಮಾಸಪತ್ರಿಕೆಯಲ್ಲಿ ಉಪಸಂಪಾದಕಿಯ ಸ್ಥಾನ ಖಾಲಿಯಿದೆ. ಸ್ವಂತ ಮೇಜು, ಲೇಖನದ ಕೆಳಗೆ ಸ್ವಂತ ಹೆಸರು. ನಮ್ಮ ತರಗತಿಯವರೆಲ್ಲ ಎಲ್ಲೆಲ್ಲೋ ಕುರ್ಚಿ ಹಿಡಿದು ಕುಳಿತಿರುವಾಗ ನಾನೊಬ್ಬಳು ಈ ಬಾಡಿಗೆ ಕೋಣೆಯಲ್ಲಿ, ಇಸ್ತ್ರಿ ಮೇಜಿನ ಮೇಲೆ ಹಾಳೆ ಹರಡಿಕೊಂಡು ಹಲ್ಲಿನ ಅಂಟು ಬರೆಯುತ್ತಿರುವುದು ಇನ್ನು ಸಾಕು. ಅಮ್ಮ ಪ್ರತಿ ವಾರ ಫೋನಿನಲ್ಲಿ, “ಏನೇ, ಪೇಪರಲ್ಲಿ ಹುಡುಕಿದೆ, ನಿನ್ನ ಹೆಸರೇ ಕಾಣ್ಲಿಲ್ಲ” ಎನ್ನುತ್ತಾಳೆ. ಅವಳಿಗೆ ನಾನು ಏನೆಂದು ವಿವರಿಸಲಿ? ಈ ಕೆಲಸ ನನಗೆ ಬೇಕು. ಬೇಕು ಎಂಬ ಮಾತನ್ನು ನಾನು ಎಷ್ಟು ಸಲ ಬಳಸಿದ್ದೇನೆಂದು ನಿನಗೆ ಗೊತ್ತು.

ಸಂಪಾದಕರು ವಯಸ್ಸಾದವರು, ಪೆನ್ನಿನ ಮುಚ್ಚಳವನ್ನು ಜಗಿಯುತ್ತಾರೆ. ನನ್ನ ಮಾದರಿ ಲೇಖನಗಳನ್ನು ಓದಿ, “ನೋಡಮ್ಮ, ಭಾಷೆ ಬಹಳ ಚೆನ್ನಾಗಿದೆ. ಅದೇ ನನಗೆ ಅನುಮಾನ” ಎಂದರು. ಪರೀಕ್ಷೆಗೆಂದು ಒಂದು ವಿಷಯ ಕೊಟ್ಟಿದ್ದಾರೆ: ಕೃತಕ ಕಣ್ಣು. ಅದನ್ನು ಧರಿಸಿ ಬದುಕುವವರ ದಿನಚರಿ. ಜೊತೆಗೊಂದು ಷರತ್ತು: “ಇಂಥ ಕಣ್ಣಿರೋ ಒಬ್ಬರನ್ನಾದರೂ ಎದುರಿಗೆ ಕೂರಿಸ್ಕೊಂಡು ಮಾತಾಡಿಸಿ. ಹೆಸರು ಹಾಕೋದು ಬೇಡ ಅಂದ್ರೆ ಹಾಕಲ್ಲ. ಆದರೆ ಅವರ ಸಹಿ ಇರೋ ಒಪ್ಪಿಗೆ ನನ್ನ ಫೈಲಲ್ಲಿರಬೇಕು.”

ಎಂಥ ಹಳೆಯ ಕಾಲದ ಮನುಷ್ಯ. ಒಂದು ಗಾಜಿನ ಗೋಲಿಯನ್ನು ಕಣ್ಣಿನಲ್ಲಿಟ್ಟುಕೊಂಡವರು ನನಗೆ ಹೇಳಬಹುದಾದದ್ದೇನು? ಗೋಲಿಯಿದೆ, ಕಾಣುವುದಿಲ್ಲ. ನೋವುಂಡವರು ತಮ್ಮ ನೋವನ್ನು ಎಷ್ಟು ಕೆಟ್ಟದಾಗಿ ಹೇಳುತ್ತಾರೆಂಬುದು ನಿನಗೆ ತಿಳಿಯದು. ಅತ್ತು, ತೊದಲಿ, ಕೊನೆಗೆ ಹವಾಮಾನದ ಬಗ್ಗೆ ಮಾತಾಡುತ್ತಾರೆ. ಅವರಿಗಾಗಿ ನಾನು ಹೇಳಿದರೆ ಅವರೇ ಓದಿ, ಹೌದು, ಹೀಗೆಯೇ ಎಂದು ತಲೆದೂಗುತ್ತಾರೆ.

ಮೂರು ಲೇಖನಗಳನ್ನು ಓದಿ ಮುಗಿಸಿದ್ದೇನೆ.

ಇಂತು,
ಪದಕ


ಆಗಸ್ಟ್ ೨

ಪ್ರಿಯ ಪದಕ,

ಉತ್ತರ ತಡವಾಯಿತು. ಒಮ್ಮೆ ಬರೆದು ಹರಿದೆ. ಇನ್ನೊಮ್ಮೆ ಬರೆದು, ಲಕೋಟೆಗೆ ಅಂಟು ಹಚ್ಚಿ, ಮತ್ತೆ ಹರಿದೆ.

ಅಂಥ ಕಣ್ಣು ಇರುವ ಒಬ್ಬರು ನನಗೆ ಗೊತ್ತು. ಚೆನ್ನಾಗಿಯೇ ಗೊತ್ತು. ಅವರು ಈ ವಿಷಯ ಯಾರ ಹತ್ತಿರವೂ ಹೇಳಿಕೊಂಡವರಲ್ಲ. ಆದರೆ ನೀನು ಕೇಳಿದರೆ ಹೇಳಬಹುದು ಎಂದು ನನಗನಿಸುತ್ತದೆ. ಸಹಿಯನ್ನೂ ಹಾಕಬಹುದು. ನಿನ್ನ ಕೆಲಸಕ್ಕೆ ಅನುಕೂಲವಾಗಲಿ ಎಂದು ಮಾತ್ರವಲ್ಲ. ಇಷ್ಟು ವರ್ಷ ಮುಚ್ಚಿಟ್ಟುಕೊಂಡು ಅವರಿಗೂ ಸಾಕಾಗಿದೆ.

ನೀನು ಇಲ್ಲಿಗೆ ಒಂದು ಭಾನುವಾರ ಬಂದರೆ ಸಾಕು. ಅವರನ್ನು ಎಲ್ಲಿಯೂ ಹುಡುಕಬೇಕಾಗಿಲ್ಲ. ನಾನೇ ಚಹಾ ಮಾಡುತ್ತೇನೆ.

ಅದು ಗೋಲಿಯಲ್ಲ, ಪದಕ. ಗೋಲಿಯ ಹಾಗೆ ದುಂಡಗಿರುವುದಿಲ್ಲ. ಅದನ್ನಾದರೂ ತಿದ್ದಿಕೋ.

ಬರುತ್ತೀಯಾ?

ನಿನ್ನ,
ಗೂಬೆ


ಆಗಸ್ಟ್ ೯

ಪ್ರಿಯ ಗೂಬೆ,

ನಿನ್ನ ಪರೋಪಕಾರಕ್ಕೆ ವಂದನೆ. ನಿನ್ನ ಪರಿಚಯದವರು ಯಾರಿರಬಹುದೆಂದು ಊಹಿಸಿದೆ: ಶಾಲೆಯ ಕಾವಲುಗಾರ, ಅಥವಾ ಕೆಳಗಿನ ಮನೆಯ ಮುದುಕಿ. ಬಸ್ಸು ಹತ್ತಿ ಅಷ್ಟು ದೂರ ಬಂದು, ಅವರ ಮುಂದೆ ಮುಖ ಬಾಡಿಸಿಕೊಂಡು ಕುಳಿತು, ಚಹಾ ಆರುವ ತನಕ ಕಾಯುವ ತಾಳ್ಮೆ ನನಗಿಲ್ಲ. ಅಗತ್ಯವೂ ಇಲ್ಲ. ಲೇಖನ ಆಗಲೇ ಸಂಪಾದಕರ ಮೇಜಿನ ಮೇಲಿದೆ.

ಆಕೆಯನ್ನು ನಾನೇ ಸೃಷ್ಟಿಸಿದೆ. “ಹೆಸರು ಹೇಳಲಿಚ್ಛಿಸದ ಮಹಿಳೆ” ಎಂದು ಕರೆದಿದ್ದೇನೆ. ವಯಸ್ಸು ನಮ್ಮಷ್ಟೇ. ಚಿಕ್ಕಂದಿನಲ್ಲಿ ಅಣ್ಣನ ಬಿಲ್ಲುಬಾಣದ ಆಟದಲ್ಲಿ ಬಲಗಣ್ಣು ಹೋಯಿತು. ಇಂಥವರಿಗೆ ಓದುಗರು ನಂಬುವಂತಹ ಒಂದೆರಡು ವಿಲಕ್ಷಣ ಅಭ್ಯಾಸಗಳಿರಬೇಕು, ಅವನ್ನೂ ಒದಗಿಸಿದ್ದೇನೆ. ಎಲ್ಲಿಂದ ತಂದೆನೆಂದು ಓದಿದಾಗ ನಿನಗೇ ತಿಳಿಯುತ್ತದೆ, ನಗು ತಡೆಯಲಾರೆ.

ಸಂಪಾದಕರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ಈಕೆ ನನ್ನ ಮುಂದೇ ಕೂತ ಹಾಗಿದೆ” ಎಂದರು. ಕೂರದೆ ಏನು, ನಾಲ್ಕು ವರ್ಷ ನೋಡಿ ಬೇಸತ್ತ ಅಭ್ಯಾಸಗಳು ಅವು. ಒಪ್ಪಿಗೆಯ ಹಾಳೆ ಎಲ್ಲಿ ಎಂದರು. ಆಕೆ ಊರಲ್ಲಿಲ್ಲ, ಬಂದೊಡನೆ ತರುತ್ತೇನೆ ಎಂದೆ. ಅಚ್ಚಿನ ದಿನ ಹತ್ತಿರವಿತ್ತು, ನಂಬಿದರು. ಮುಂದಿನ ಸಂಚಿಕೆಯಲ್ಲಿ ಬರುತ್ತದೆ, ನನ್ನ ಹೆಸರಿನೊಡನೆ.

ಗೋಲಿಯೋ ಮತ್ತೊಂದೋ, ಯಾರು ತೆಗೆದು ನೋಡುತ್ತಾರೆ?

ಇಂತು,
ಪದಕ


ಅಕ್ಟೋಬರ್ ೪

ಪ್ರಿಯ ಗೂಬೆ,

ಎರಡು ತಿಂಗಳಿಂದ ನಿನ್ನ ಸುದ್ದಿಯಿಲ್ಲ. ಕಾವಲುಗಾರನಿಗೆ ಚಹಾ ಮಾಡಿಕೊಡುವುದರಲ್ಲಿ ಮಗ್ನಳಾಗಿರಬೇಕು.

ಲೇಖನ ಅಚ್ಚಾಗಿದೆ, ಪುಟಗಳನ್ನು ಕತ್ತರಿಸಿ ಜೊತೆಗಿಟ್ಟಿದ್ದೇನೆ. ಅಮ್ಮ ತನ್ನ ಪ್ರತಿಯನ್ನು ನೆರೆಮನೆಗೆಲ್ಲ ತೋರಿಸಿ ಬಂದಳಂತೆ. ನಮ್ಮ ಹಾಸ್ಟೆಲಿನ ಆ ದಪ್ಪ ಜಡೆಯವಳು ಫೋನು ಮಾಡಿ, “ಲೇ, ಇದು ನಮ್ಮ ಗೂಬೆ ಕಣೇ! ನೀರು ಬಗ್ಗಿಸೋದು, ಕತ್ತು ತಿರುಗಿಸೋದು, ಎಲ್ಲಾ ಅವಳದ್ದೇ” ಎಂದು ಬಿದ್ದು ಬಿದ್ದು ನಕ್ಕಳು. ಹೌದು, ನಿನ್ನದೇ. ಜಗ್ಗಿನ ಬಾಯಿಯನ್ನು ಲೋಟದ ಅಂಚಿಗೆ ತಾಗಿಸಿ, ಹನಿ ಬಿದ್ದರೆ ಜೀವ ಹೋದೀತೆಂಬಂತೆ ನೀರು ಬಗ್ಗಿಸುವ ಜಿಪುಣತನ. ಎಲ್ಲಿ ಹೋದರೂ ಸಾಲಿನ ಎಡತುದಿಯ ಜಾಗಕ್ಕೆ ಓಡುವುದು. ಬಾಗಿಲು ಹಾಕಿಕೊಂಡು ಮುಖ ತೊಳೆಯುವುದು. ಕೋಪಿಸಿಕೊಳ್ಳಬೇಡ, ಒಳ್ಳೆಯ ಸ್ಥಾನವೇ ಸಿಕ್ಕಿದೆ.

ಈಗ ಒಂದು ಸಣ್ಣ ತೊಡಕು. ಪತ್ರಿಕೆಗೆ ಒಬ್ಬ ತಾಯಿ ಬರೆದಿದ್ದಾಳೆ. ಅಕ್ಷರ ಕಾಗೆ ಕಾಲು, ಕಾಗುಣಿತ ದೇವರಿಗೇ ಪ್ರೀತಿ. ಅವಳ ಮಗಳಿಗೆ ಈ ವರ್ಷ ಒಂದು ಕಣ್ಣು ಹೋಗಿದೆ, ಶಾಲೆಗೆ ಹೋಗುವುದಿಲ್ಲವೆಂದು ಹಟ ಹಿಡಿದಿದ್ದಾಳೆ. “ಆ ಅಕ್ಕನನ್ನು ನನ್ನ ಮಗಳಿಗೆ ಒಂದೇ ಒಂದು ಸಲ ತೋರಿಸ್ತೀರಾ, ಅವರು ಹೇಗೆ ದೊಡ್ಡವರಾದ್ರು ಅಂತ ಅವಳು ನೋಡ್ಲಿ” ಎಂದು ಕೇಳಿದ್ದಾಳೆ. ಅದರ ನಕಲೂ ಇದರಲ್ಲಿದೆ. ಸಂಪಾದಕರು ಕರಗಿ ನೀರಾಗಿದ್ದಾರೆ. ಒಪ್ಪಿಗೆಯ ಹಾಳೆ ತರದ ಹೊರತು ನೇಮಕದ ಆದೇಶಕ್ಕೆ ಸಹಿ ಮಾಡುವುದಿಲ್ಲವೆಂದು ಪಟ್ಟು ಹಿಡಿದಿದ್ದಾರೆ.

ನಿನ್ನಿಂದ ಬೇಕಾದದ್ದು ಇಷ್ಟೇ: ಲೇಖನದ ವಿವರಗಳನ್ನು ಬರೆದು ಜೊತೆಗಿಟ್ಟಿರುವ ಒಪ್ಪಿಗೆಯ ಹಾಳೆಯ ಕೆಳಗೆ ಒಂದು ಸಹಿ, ನಿನ್ನ ವಿಳಾಸ. ನಟಿಸುವುದೂ ಬೇಡ. ತಾಯಿಗೆ ನಾನೇ ಎರಡು ಸಾಲು ಸಮಾಧಾನ ಬರೆದು ಕಳಿಸುತ್ತೇನೆ, ಅಲ್ಲಿಗೆ ಮುಗಿಯಿತು. ಲೇಖನದ ಮಹಿಳೆಗಾಗಿ ನಿನ್ನ ಅಭ್ಯಾಸಗಳನ್ನು ಎರವಲು ತಂದವಳು ನಾನು. ಇನ್ನು ಉಳಿದದ್ದು ಹೆಸರೊಂದೇ.

ಬೇಗ ಕಳಿಸು.

ಇಂತು,
ಪದಕ


ಅಕ್ಟೋಬರ್ ೨೨

ಗೂಬೆ,

ಒಂದು ಸಹಿ ಮಾಡಲು ಎಷ್ಟು ದಿನ ಬೇಕು? ಎರಡನೆಯವಳಾಗಿ ಉಳಿದ ಸಿಟ್ಟನ್ನು ಈ ಹೊತ್ತಿನಲ್ಲಿ ತೀರಿಸಿಕೊಳ್ಳುವ ಆಲೋಚನೆಯಿದ್ದರೆ ನೇರವಾಗಿ ಬರೆ. ನಾನು ಅರ್ಥಮಾಡಿಕೊಳ್ಳಬಲ್ಲೆ.

ಪದಕ


ನವೆಂಬರ್ ೩

ಪದಕ,

ನೀನು ಕಳಿಸುವ ಮೊದಲೇ ನಾನು ಓದಿದ್ದೆ. ನಮ್ಮ ಶಾಲೆಗೆ ಆ ಪತ್ರಿಕೆ ಬರುತ್ತದೆ.

ಟೀಚರುಗಳ ಕೋಣೆಯಲ್ಲಿ ಮಧ್ಯಾಹ್ನ ಊಟದ ಹೊತ್ತು. ವಿಜ್ಞಾನದವರು ಗಟ್ಟಿಯಾಗಿ ಓದುತ್ತಿದ್ದರು. ನಾನು ನೀರು ಬಗ್ಗಿಸಿಕೊಳ್ಳುತ್ತಿದ್ದೆ. ಅವರು ಓದುವುದನ್ನು ನಿಲ್ಲಿಸಿ, “ಅಲ್ಲಾ ಟೀಚರ್, ಇದರಲ್ಲಿರೋರು ನೀರು ಬಗ್ಗಿಸೋದು ಥೇಟ್ ನಿಮ್ಮ ಥರಾನೇ” ಎಂದರು. ಎಲ್ಲರೂ ತಿರುಗಿದರು. ಜಗ್ಗಿನ ಬಾಯಿ ಲೋಟದ ಅಂಚಿಗೆ ತಾಗಿಕೊಂಡಿತ್ತು. ತೆಗೆದರೆ ಚೆಲ್ಲುತ್ತದೆ, ತೆಗೆಯದಿದ್ದರೆ ಗೊತ್ತಾಗುತ್ತದೆ. ನಾನು ತೆಗೆಯಲಿಲ್ಲ.

ಅವರೆಲ್ಲ ನನ್ನ ಬಲಗಣ್ಣನ್ನೇ ನೋಡುತ್ತಿದ್ದರು, ನೀನು ಬರೆದಿದ್ದೆಯಲ್ಲ. ಅದು ನೋಡುವ ಕಣ್ಣು. ಅದು ಅವರನ್ನು ವಾಪಸ್ಸು ನೋಡಿತು.

ನನ್ನದು ಎಡಗಣ್ಣು.

ಮೊದಲ ದಿನವೆಲ್ಲ ನಿನ್ನನ್ನು ಕೊಲ್ಲುವಷ್ಟು ಕೋಪವಿತ್ತು. ಇವಳಿಗೆ ಮೊದಲಿನಿಂದಲೂ ಗೊತ್ತಿತ್ತು, ನಾಲ್ಕು ವರ್ಷ ಗೊತ್ತಿದ್ದೂ ಸುಮ್ಮನಿದ್ದು, ಈಗ ತನ್ನ ಹೆಸರಿಗಾಗಿ ನನ್ನನ್ನು ಬಯಲಿಗಿಟ್ಟಳು ಎಂದುಕೊಂಡೆ. ಮರುದಿನ ಇನ್ನೊಮ್ಮೆ ಓದಿದೆ. ಬಲಗಣ್ಣು ಹೋದವಳು ಸಾಲಿನ ಎಡತುದಿಗೆ ಯಾಕೆ ಓಡುತ್ತಾಳೆ, ಪದಕ? ಅಲ್ಲಿ ಕೂತರೆ ಇಡೀ ಕೋಣೆ ಅವಳಿಗೆ ಕಾಣದ ಕಡೆಗೆ ಬೀಳುತ್ತದೆ. ಎಡಗಣ್ಣು ಇಲ್ಲದವಳು ಎಡತುದಿಯಲ್ಲಿ ಕೂರುತ್ತಾಳೆ, ಎಲ್ಲರೂ ಅವಳ ಬಲಕ್ಕೆ ಇರಲಿ ಎಂದು. ನೋಡಿ ಬರೆದವರಿಗೆ ಈ ತಪ್ಪು ಆಗುವುದಿಲ್ಲ. ಕದ್ದು ನೋಡಿದವರಿಗೂ ಆಗುವುದಿಲ್ಲ.

ಅಂದರೆ ನಿನಗೆ ಗೊತ್ತಿರಲಿಲ್ಲ. ನನ್ನ ಪಕ್ಕದ ಮಂಚದಲ್ಲಿ ನಾಲ್ಕು ವರ್ಷ ಮಲಗಿ, ನಾನು ಮಾಡಿದ ಒಂದೊಂದನ್ನೂ ನೆನಪಿಟ್ಟುಕೊಂಡು, ಯಾಕೆ ಎಂದು ಒಂದು ಸಲವೂ ನಿನ್ನ ತಲೆಗೆ ಬರಲಿಲ್ಲ. ಗೊತ್ತಿದ್ದು ದ್ರೋಹ ಮಾಡಿದ್ದರೆ ಕ್ಷಮಿಸುವುದು ಸುಲಭವಿತ್ತು. ಆಗ ನೀನು ನನ್ನನ್ನು ನೋಡಿದಂತಾದರೂ ಆಗುತ್ತಿತ್ತು.

ಆಗಸ್ಟಿನಲ್ಲಿ ನಾನು ಬರೆದ ಕಾಗದವನ್ನು ಹುಡುಕಿ ತೆಗೆದು ಓದು. ಅದನ್ನು ಬರೆಯಲು ನನಗೆ ಹಿಡಿದದ್ದು ಮೂರು ವಾರವಲ್ಲ, ಹದಿನೆಂಟು ವರ್ಷ. ನೀನು ಕಾವಲುಗಾರ ಎಂದೆ.

ಇನ್ನು ಉಳಿದದ್ದು. ನನಗೆ ಅಣ್ಣನಿಲ್ಲ. ಹೇಗಾಯಿತು ಎಂದು ನೀನು ಕೇಳಿಲ್ಲ, ಆದ್ದರಿಂದ ಹೇಳುವುದಿಲ್ಲ. ಪ್ರತಿ ರಾತ್ರಿ ತೆಗೆದು ಬಟ್ಟಲಿನ ನೀರಿನಲ್ಲಿ ಇಡುತ್ತಾಳೆ ಎಂದು ಬರೆದಿದ್ದೀಯೆ. ನಿನ್ನ ಪಕ್ಕದಲ್ಲಿ ಅದನ್ನು ಹಾಕಿಕೊಂಡೇ ಮಲಗುತ್ತಿದ್ದೆ. ಬಟ್ಟಲು ಕಂಡಿದ್ದೆಯಾ?

ಸುದ್ದಿ ಮಕ್ಕಳವರೆಗೂ ಹೋಯಿತು. ತರಗತಿಯಲ್ಲಿ ಒಬ್ಬ ಹುಡುಗಿ ಎದ್ದು ನಿಂತು, “ಮಿಸ್, ನಿಮ್ಮದು ಯಾವ ಕಣ್ಣು?” ಎಂದು ಕೇಳಿದಳು. ಹೇಳಿದೆ. ಹತ್ತಿರ ಬಂದು, ಆ ಕಡೆಯಿಂದ ಈ ಕಡೆಯಿಂದ ನೋಡಿ, “ಗೊತ್ತೇ ಆಗಲ್ಲ. ಅಳು ಬಂದ್ರೆ ಅದರಲ್ಲೂ ನೀರು ಬರುತ್ತಾ?” ಎಂದಳು. ಬರುತ್ತದೆ ಎಂದೆ. ಸರಿ ಎಂದು ಹೋಗಿ ಕೂತಳು. ಅಷ್ಟೇ. ಅಷ್ಟರಲ್ಲಿ ಮುಗಿಯುತ್ತಿತ್ತು, ಪದಕ.

ಸಹಿ ಮಾಡಿದ ಹಾಳೆ ಜೊತೆಗಿದೆ. ಬಲ ಎಂದಿದ್ದದ್ದನ್ನು ಎಡ ಎಂದು ತಿದ್ದಿದ್ದೇನೆ, ಬಿಲ್ಲುಬಾಣವನ್ನು ಹೊಡೆದುಹಾಕಿದ್ದೇನೆ. ಆ ತಾಯಿಗೆ ನಾನೇ ನೇರವಾಗಿ ಬರೆದಾಯಿತು. ನಿನ್ನ ಸಮಾಧಾನದ ಎರಡು ಸಾಲು ಬೇಡ. ಕೆಲಸಕ್ಕೆ ಸೇರಿಕೋ. ಇದು ಕ್ಷಮೆ ಎಂದು ತಿಳಿಯಬೇಡ. ನಿನಗೆ ಬೇಕಾದದ್ದು ಇಷ್ಟು ಸಣ್ಣದು ಎಂದು ಗೊತ್ತಾದ ಮೇಲೆ ಕೊಡದಿರಲು ಮನಸ್ಸು ಬರಲಿಲ್ಲ. ನಿನ್ನ ಲೇಖನದಲ್ಲಿ ಈಗ ಸುಳ್ಳೆಂದು ಉಳಿದಿರುವ ದೊಡ್ಡ ಮಾತು ಒಂದೇ: “ಆಕೆ ನನ್ನೊಡನೆ ಹೇಳಿಕೊಂಡಳು.”

ಗೂಬೆ


ನವೆಂಬರ್ ೨೦

ಗೂಬೆ,

ಈ ಹೆಸರಿನಿಂದ ಕರೆಯುವ ಹಕ್ಕು ನನಗಿದೆಯೋ ಇಲ್ಲವೋ ತಿಳಿಯದು. ಇಟ್ಟವಳು ನಾನು, ಹಿಂದಕ್ಕೆ ತೆಗೆದುಕೊಂಡರೆ ನಿನ್ನನ್ನು ಕರೆಯಲು ನನ್ನ ಬಳಿ ಬೇರೆ ಏನೂ ಉಳಿಯುವುದಿಲ್ಲ.

ಕ್ಷಮೆ ಕೇಳುವ ಪತ್ರಗಳನ್ನು ನಾನು ಬೇಕಾದಷ್ಟು ಓದಿದ್ದೇನೆ. ಮೂರನ್ನು ಮುಂದಿಟ್ಟುಕೊಂಡು ನಾಲ್ಕನೆಯದನ್ನು, ನೀನು ಅಳುವಷ್ಟು ಚೆನ್ನಾಗಿ, ಬರೆಯಬಲ್ಲೆ. ಆದ್ದರಿಂದಲೇ ಬರೆಯುತ್ತಿಲ್ಲ. ನಡೆದದ್ದನ್ನು ಮಾತ್ರ ತಿಳಿಸುತ್ತೇನೆ.

ಹಾಳೆಯನ್ನು ಸಂಪಾದಕರಿಗೆ ಕೊಟ್ಟೆ. ಕೊಡಬಾರದೆಂದು ಹೊರಟವಳಲ್ಲ, ಕೊಡಬೇಕೆಂದೇ, ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಹೋಗಿದ್ದೆ. ಅವರು ಓದಿದರು. “ಎಡಗಣ್ಣು ಅಂತ ತಿದ್ದಿದ್ದಾರೆ. ಎದುರಿಗೆ ಕೂತು ಮಾತಾಡಿಸಿದವರಿಗೆ ಎಡ ಬಲ ತಪ್ಪೋದು ಹೇಗಮ್ಮ?” ಎಂದರು. ನಾನು ಬಾಯಿ ತೆರೆಯುವ ಮೊದಲೇ ಅವರೇ ಹಣೆ ಬಡಿದುಕೊಂಡು ನಕ್ಕರು: “ಅಯ್ಯೋ, ಎದುರಿಗೆ ಕೂತಿದ್ದಕ್ಕೇ ತಪ್ಪಿರೋದು ಬಿಡಿ. ಅವರ ಎಡ ನಿಮಗೆ ಬಲ ತಾನೇ?” ಪೆನ್ನಿನ ಮುಚ್ಚಳ ತೆಗೆದರು. ನೇಮಕದ ಆದೇಶ ಮೇಜಿನ ಮೇಲೆಯೇ ಇತ್ತು, ನನ್ನ ಪೂರ್ತಿ ಹೆಸರು ದಪ್ಪಕ್ಷರದಲ್ಲಿತ್ತು. ನಾನು “ಹೌದು” ಎಂದರೆ ಮುಗಿಯುತ್ತಿತ್ತು. ತಲೆಯಾಡಿಸಿದ್ದರೂ ಸಾಕಿತ್ತು.

ನನ್ನನ್ನು ತಡೆದದ್ದು ಸದ್ಗುಣವೆಂದು ಭ್ರಮಿಸಬೇಡ. ಆ ಸುಳ್ಳು ನನ್ನದಾಗಿರಲಿಲ್ಲ. ಅವರು ನನಗೆ, ದಡ್ಡ ಹುಡುಗಿಗೆ ಉತ್ತರ ತುಂಬಿಕೊಡುವ ಮೇಷ್ಟರಂತೆ, ದಯೆಯಿಂದ ಒದಗಿಸಿದ ಸುಳ್ಳು ಅದು. ಅದನ್ನು ಕೈಚಾಚಿ ತೆಗೆದುಕೊಂಡು, ಅದರ ಕೆಳಗೆ ನನ್ನ ಹೆಸರು ಬರೆಸಿಕೊಳ್ಳುವುದು ನನ್ನಿಂದಾಗಲಿಲ್ಲ. “ನಾನು ಆಕೆಯ ಎದುರಿಗೆ ಕೂತೇ ಇಲ್ಲ” ಎಂದೆ. ಉಳಿದದ್ದನ್ನೂ ಹೇಳಿದೆ. ಅವರು ಬಹಳ ಹೊತ್ತು ಮುಚ್ಚಳ ಜಗಿದರು. ಕೊನೆಗೆ, “ಭಾಷೆ ಮಾತ್ರ ಚೆನ್ನಾಗಿತ್ತು” ಎಂದು ಆದೇಶವನ್ನು ಡ್ರಾಯರಿಗೆ ಹಾಕಿದರು. ಮುಂದಿನ ಸಂಚಿಕೆಯಲ್ಲಿ ಒಂದು ವಿಷಾದದ ಪ್ರಕಟಣೆ ಬರುತ್ತದೆ. ಅದರಲ್ಲಿಯೂ ನನ್ನ ಹೆಸರಿರುತ್ತದೆ. ಅಮ್ಮ ಈ ಸಲ ಹುಡುಕಬೇಕಾಗಿಲ್ಲ. ನಿನ್ನ ಬಗ್ಗೆ ಒಂದಕ್ಷರವೂ ಇರಕೂಡದೆಂದು ಕೇಳಿಕೊಂಡಿದ್ದೇನೆ. ಕೇಳಿಕೊಂಡೆ ಎಂದೇ ಬರೆದಿದ್ದೇನೆ, ಗಮನಿಸು.

ನಿನ್ನ ಸಹಿಯನ್ನು ಹಿಂದಿರುಗಿಸುತ್ತಿದ್ದೇನೆ.

ಮನೆಗೆ ಬಂದು ಎಡಗಣ್ಣು ಮುಚ್ಚಿಕೊಂಡು ಲೋಟಕ್ಕೆ ನೀರು ಬಗ್ಗಿಸಿದೆ. ಜಗ್ಗನ್ನು ಎತ್ತಿ ಹಿಡಿದೇ ಬಗ್ಗಿಸಿದೆ, ನಾನು ಸದಾ ಬಗ್ಗಿಸುವ ಹಾಗೆ. ಮೇಜಿನ ಮೇಲಿದ್ದ ಜೇನುಮೇಣದ ಹಳೆಯ ಲೇಖನ ಪೂರ್ತಿ ನೆನೆಯಿತು. ಎರಡನೆಯ ಸಲವೂ ಲೋಟ ಅಲ್ಲಿರಲಿಲ್ಲ. ಮೂರನೆಯ ಸಲ ಅಂಚಿಗೆ ತಾಗಿಸಿದೆ.

ಒಂದು ಭಾನುವಾರ ಬಂದರೆ ಸಾಕು ಎಂದು ನೀನು ಬರೆದಿದ್ದೆ. ಆ ಮಾತು ಈಗ ಉಳಿದಿಲ್ಲವೆಂದು ಬಲ್ಲೆ. ಆದರೂ ಮುಂದಿನ ವಾರದ ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಬಾಗಿಲು ತೆಗೆಯದಿದ್ದರೆ ಸಂಜೆಯ ಬಸ್ಸಿಗೆ ಹಿಂದಿರುಗುತ್ತೇನೆ. ತೆಗೆದರೆ ನಿನ್ನ ಬಲಕ್ಕೆ ಕೂರುತ್ತೇನೆ. ಒಂದು ಪ್ರಶ್ನೆಯಿದೆ. ಅದನ್ನು ಕಾಗದದಲ್ಲಿ ಕೇಳುವಂತಿಲ್ಲ.

ಪದಕ


ನವೆಂಬರ್ ೨೪

ಪದಕ,

ಆ ಭಾನುವಾರ ನಾನು ಮನೆಯಲ್ಲಿರುವುದಿಲ್ಲ. ಆ ಹುಡುಗಿಯನ್ನು ನೋಡಲು ಹೋಗುತ್ತಿದ್ದೇನೆ. ವಿಳಾಸ ನಿನ್ನ ಹತ್ತಿರವೇ ಇದೆ, ತಾಯಿಯ ಕಾಗದದ ಮೇಲೆ. ಔಷಧಿ ಅಂಗಡಿಯ ಮಹಡಿ.

ಬರುವುದಾದರೆ ಅಲ್ಲಿಗೇ ಬಾ. ಪೆನ್ನು ತರಬೇಡ.

ಗೂಬೆ